ಕಲ್ಲುತೋಟದ ಗಿಡ್ಡ ಜೆರೇನಿಯಂ: ಎರಡು ಚಳಿಗಾಲ, ಎರಡು ಗಿಡ, ಎರಡೂ ಹೋದವು

ಬೆಟ್ಟದಹೂ · ಮಾರ್ಚ್ 2
ನಾನು ದಾವಣಗೆರೆಯವಳು, ಈಗ ಇಂಗ್ಲೆಂಡಿನ ಲೀಡ್ಸ್ ಹತ್ತಿರ ಇದ್ದೇನೆ. ಮನೆ ಹಿಂದೆ ಒಂದು ಸಣ್ಣ ಇಳಿಜಾರು. ಹಳೇ ಗೋಡೆಯ ಮರಳುಗಲ್ಲು ಒಂದಷ್ಟು ಬಿದ್ದಿತ್ತು, ಅದನ್ನೇ ಜೋಡಿಸಿ ಕಲ್ಲುತೋಟ ಮಾಡಿಕೊಂಡೆ. ಕಲ್ಲಿನ ಸಂದಿಗೆ ಗಿಡ್ಡ ಜೆರೇನಿಯಂ ಬೇಕು ಅಂತ ಮೊದಲಿಂದಲೂ ಆಸೆ. ‘ಬ್ಯಾಲೆರೀನಾ’ ಅಂತ ಒಂದು ತಳಿ ಇದೆ. ಗೇಣುದ್ದವೂ ಬೆಳೆಯುವುದಿಲ್ಲ. ತಿಳಿ ಗುಲಾಬಿ ಎಸಳು, ಅದರ ಮೇಲೆ ಯಾರೋ ಶಾಯಿ ಪೆನ್ನಲ್ಲಿ ಎಳೆದ ಹಾಗೆ ನೇರಳೆ ಗೆರೆಗಳು.

ಮೊದಲ ಸಲ ಮೇ ತಿಂಗಳಲ್ಲಿ ನೆಟ್ಟೆ. ಸೆಪ್ಟೆಂಬರ್‌ವರೆಗೂ ಹೂ ಬಿಟ್ಟಿತು. ಫೆಬ್ರವರಿಯಲ್ಲಿ ನೋಡಿದರೆ ಗಿಡವೇ ಇಲ್ಲ. ಚಳಿಗೆ ಹೋಯಿತು ಅಂದುಕೊಂಡೆ. ಎರಡನೇ ಸಲ ಹುಷಾರಾದೆ. ನವೆಂಬರ್‌ನಲ್ಲಿ ಬುಡಕ್ಕೆ ಚೆನ್ನಾಗಿ ಎಲೆಗೊಬ್ಬರ ಕೊಟ್ಟು, ಮೇಲೆ ಫ್ಲೀಸ್ ಬಟ್ಟೆ ಹೊದಿಸಿ, ಮಗು ಮಲಗಿಸಿದ ಹಾಗೆ ಮಲಗಿಸಿದೆ. ನಿನ್ನೆ ಬಿಚ್ಚಿದೆ. ಕೈಗೆ ಬಂದಿದ್ದು ಕಪ್ಪು ಗೊಜ್ಜು.

ಲೇಬಲ್ ಮೇಲೆ ಮೈನಸ್ 15 ಡಿಗ್ರಿವರೆಗೂ ತಡೆಯುತ್ತದೆ ಅಂತ ಇದೆ. ನಮ್ಮ ಹಿತ್ತಲಲ್ಲಿ ಈ ವರ್ಷ ಮೈನಸ್ 6 ದಾಟಿಲ್ಲ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಜಯನಗರ_ಬಾಲ್ಕನಿ · ಮಾರ್ಚ್ 2
ಜೆರೇನಿಯಂ ತುಂಬಾ ಸುಲಭ ಅಕ್ಕಾ! ನಮ್ಮ ಬಾಲ್ಕನಿಯಲ್ಲಿ ಆರು ಕುಂಡ ಇವೆ, ಕೆಂಪು, ಬಿಳಿ, ಕಿತ್ತಳೆ. ಒಂದು ಕಡ್ಡಿ ಮುರಿದು ಚುಚ್ಚಿದರೆ ಹತ್ತಿಕೊಳ್ಳುತ್ತದೆ. ಅಷ್ಟು ಚಳಿ ಇದ್ದರೆ ರಾತ್ರಿ ಒಳಗೆ ತಂದಿಡಿ.

ಕಲ್ಲುಸಂದಿ · ಮಾರ್ಚ್ 2
ಜಯನಗರದವರೇ, ನಿಮ್ಮದು ಜೆರೇನಿಯಂ ಅಲ್ಲ, ಪೆಲಾರ್ಗೋನಿಯಂ. ನರ್ಸರಿಯವರು ಎರಡಕ್ಕೂ ಒಂದೇ ಹೆಸರು ಹೇಳುತ್ತಾರೆ, ನಿಮ್ಮ ತಪ್ಪಲ್ಲ. 1753ರಲ್ಲಿ ಲಿನೇಯಸ್ ಎರಡನ್ನೂ ಒಂದೇ ಕುಲಕ್ಕೆ ಹಾಕಿದ್ದ. 1789ರಲ್ಲಿ ಫ್ರಾನ್ಸಿನ ಲೆರಿಟಿಯೆ ಬೇರೆ ಮಾಡಿದ. ಜನ ಇನ್ನೂ ಹಳೇ ಹೆಸರನ್ನೇ ಹಿಡಿದುಕೊಂಡಿದ್ದಾರೆ.

ಪೆಲಾರ್ಗೋನಿಯಂ ಹೆಚ್ಚಿನವು ದಕ್ಷಿಣ ಆಫ್ರಿಕಾದವು. ಹಿಮ ಬಿದ್ದರೆ ಸತ್ತವು. ಹೂವಿನಲ್ಲಿ ಮೇಲಿನ ಎರಡು ಎಸಳು ಒಂದು ಥರ, ಕೆಳಗಿನ ಮೂರು ಇನ್ನೊಂದು ಥರ. ಅಸಲಿ ಜೆರೇನಿಯಂನಲ್ಲಿ ಐದೂ ಎಸಳು ಒಂದೇ ಅಳತೆ. ಚಳಿಗೆ ಮಣ್ಣೊಳಗೆ ಮಲಗಿ ವಸಂತದಲ್ಲಿ ಏಳುತ್ತದೆ. ಒಳಗೆ ತಂದಿಟ್ಟರೆ ಅದಕ್ಕೇ ಕಷ್ಟ.

ಬೆಟ್ಟದಹೂ ಅವರೇ, ನಿಮ್ಮ ಗಿಡವನ್ನು ಕೊಂದಿದ್ದು ಚಳಿಯಲ್ಲ, ನೀರು. ನಿಮ್ಮ ಬ್ಯಾಲೆರೀನಾ ಸಿನೇರಿಯಂ ಜಾತಿಯಿಂದ ಬಂದ ತಳಿ, ಆ ಜಾತಿಯ ಮೂಲ ಪಿರನೀಸ್ ಬೆಟ್ಟ. ಅಲ್ಲಿ ಚಳಿಗಾಲವಿಡೀ ಹಿಮದ ಕೆಳಗೆ ಒಣಗಿದ ಹಾಗೇ ಇರುತ್ತದೆ. ಇಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಜಿಟಿಜಿಟಿ. ಅದರ ಮೇಲೆ ನೀವು ಎಲೆಗೊಬ್ಬರ ಹಾಕಿ ಬಟ್ಟೆ ಸುತ್ತಿದ್ದೀರಿ. ಒದ್ದೆ ಕಂಬಳಿ ಹೊದಿಸಿದ ಹಾಗಾಯಿತು. ನಾನು ಎಡಿನ್‌ಬರ್ಗಿನಲ್ಲಿದ್ದೇನೆ, ಇದೇ ತಪ್ಪಿನಲ್ಲಿ ನಾಲ್ಕು ಗಿಡ ಕಳೆದುಕೊಂಡಿದ್ದೇನೆ.

ಜಯನಗರ_ಬಾಲ್ಕನಿ · ಮಾರ್ಚ್ 2
ಹತ್ತು ವರ್ಷದಿಂದ ತಪ್ಪು ಹೆಸರು ಹೇಳಿಕೊಂಡು ತಿರುಗುತ್ತಿದ್ದೆನಲ್ಲ. ಮನೆಯಲ್ಲಿ ಹೇಳಿದೆ, ‘ಹೂ ಬಿಡ್ತಾ ಇದೆಯಲ್ಲ, ಸುಮ್ನಿರಿ’ ಅಂದಳು.

ಗೊಬ್ಬರಗುಂಡಿ · ಮಾರ್ಚ್ 3
ನೀರಂತೆ ನೀರು. ನಮ್ಮ ಆಗುಂಬೆ ಕಡೆ ವರ್ಷಕ್ಕೆ 7000 ಮಿ.ಮೀ. ದಾಟಿ ಸುರಿಯುತ್ತದೆ ಮಾರಾಯ್ರೇ. ಬಂಡೆ ಮೇಲೆ, ಮರದ ಮೇಲೆ ಎಷ್ಟು ಗಿಡ ಬದುಕುವುದಿಲ್ಲ? ಲೀಡ್ಸಿನಲ್ಲಿ ಅದರ ಹತ್ತರಲ್ಲೊಂದು ಪಾಲು ಬೀಳಬಹುದು. ಅಷ್ಟಕ್ಕೆ ಗಿಡ ಕೊಳೆಯುತ್ತದಾ?

ಕಲ್ಲುಸಂದಿ · ಮಾರ್ಚ್ 3
ಎಷ್ಟು ಬೀಳುತ್ತದೆ ಅನ್ನುವುದಕ್ಕಿಂತ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಮುಖ್ಯ. ಮರದ ಮೇಲಿನ ಸೀತಾಳೆಗೆ ಸುರಿದಿದ್ದೆಲ್ಲ ಹರಿದು ಹೋಗುತ್ತದೆ, ಬೇರಿಗೆ ಗಾಳಿ ಸಿಗುತ್ತದೆ. ಇಲ್ಲಿ ಡಿಸೆಂಬರ್‌ನಲ್ಲಿ ಬಿಸಿಲೂ ಇಲ್ಲ, ಗಿಡವೂ ಕುಡಿಯುವುದಿಲ್ಲ. ಒಂದು ಸಲ ನೆನೆದ ಮಣ್ಣು ವಾರಗಟ್ಟಲೆ ಹಾಗೇ ಇರುತ್ತದೆ.

ಟೊರೊಂಟೊ_ಚಳಿ · ಮಾರ್ಚ್ 3
ಕಲ್ಲುಸಂದಿ ಹೇಳಿದ್ದು ನಿಜ. ನಮ್ಮಲ್ಲಿ ಮೈನಸ್ 20ಕ್ಕೂ ಹೋಗುತ್ತದೆ. ನನ್ನ ಸಬ್‌ಕಾಲೆಸೆನ್ಸ್‌ಗೆ (ಅದೂ ಒಂದು ಗಿಡ್ಡ ಜೆರೇನಿಯಂ) ಏಳು ವರ್ಷ. ಕಣ್ಣು ಕುಕ್ಕುವ ಮಜೆಂಟಾ ಬಣ್ಣ, ನಡುವೆ ಕಾಡಿಗೆ ಬೊಟ್ಟು. ಮೇಲೆ ಹಿಮ ಕೂತರೆ ಅದೇ ಹೊದಿಕೆ. ಹಿಮವಿಲ್ಲದ ಬರೀ ಚಳಿ, ಮತ್ತೆ ಕರಗಿ ನಿಂತ ನೀರು, ಇವೆರಡೇ ನನ್ನ ಶತ್ರು.

ಎರೆಹುಳ · ಮಾರ್ಚ್ 3
ಮೇಡಂ, ತೀರ್ಪು ಕೊಡುವ ಮೊದಲು ಒಂದು ಕೆಲಸ ಮಾಡಿ. ಸತ್ತ ಗಿಡವನ್ನು ಬೇರು ಸಮೇತ ತೆಗೆದು ನೋಡಿ. ಬಿಳಿ ಹುಳ, ತಲೆ ಕಂದು, ದೇಹ ಅರ್ಧ ಚಂದ್ರದ ಹಾಗೆ ಬಾಗಿದ್ದು ಸಿಕ್ಕಿದರೆ ಅದು ವೈನ್ ವೀವಿಲ್ ಅನ್ನುವ ದುಂಬಿಯ ಮರಿ. ಚಳಿಗಾಲದಲ್ಲಿ ಬೇರು ತಿನ್ನುತ್ತದೆ. ಬೆಳೆದ ದುಂಬಿಗಳು ಬೇಸಿಗೆ ರಾತ್ರಿ ಬಂದು ಎಲೆ ಅಂಚನ್ನು ಬಸ್ ಟಿಕೆಟ್ ಥರ ಕಚ್ಚಿ ಹೋಗಿರುತ್ತವೆ.

ಬೆಟ್ಟದಹೂ · ಮಾರ್ಚ್ 5
ಇವತ್ತು ಮಳೆ ಬಿಟ್ಟಿತ್ತು, ಅಗೆದೆ. ಹುಳ ಇಲ್ಲ. ಆದರೆ ಒಂದು ವಿಚಿತ್ರ ಕಂಡಿತು.

ಬುಡ ಕೊಳೆತ ಈರುಳ್ಳಿ ಹಾಗೆ ಮೆತ್ತಗಿತ್ತು, ವಾಸನೆ ಬೇರೆ. ಅದರ ಕೆಳಗೆ ಬೇರಿನ ಗಡ್ಡೆ ಇನ್ನೂ ನರ್ಸರಿ ಕುಂಡದ ಆಕಾರದಲ್ಲೇ ಇದೆ! ಹತ್ತು ತಿಂಗಳಾದ ಮೇಲೂ ಇಡ್ಲಿ ತಟ್ಟೆಯಿಂದ ತೆಗೆದ ಹಾಗೆ ಅಚ್ಚುಕಟ್ಟಾಗಿ ಎದ್ದು ಬಂತು. ಸುತ್ತ ನಾನು ಹಾಕಿದ ಗ್ರಿಟ್ ಪರವಾಗಿಲ್ಲ, ಬೆರಳಿಗೆ ಹತ್ತುವುದಿಲ್ಲ. ಆದರೆ ಈ ಕಪ್ಪು ಗಡ್ಡೆ ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ. ಒಂದು ಬೇರೂ ಅದನ್ನು ದಾಟಿ ಆಚೆ ಹೋಗಿಲ್ಲ.

ಕಲ್ಲುಸಂದಿ · ಮಾರ್ಚ್ 5
ಸಿಕ್ಕಿತು ನೋಡಿ. ನರ್ಸರಿಯವರು ಪೀಟ್ (ಜೌಗಿನ ಅರೆಕೊಳೆತ ಪಾಚಿ) ಥರದ್ದರಲ್ಲಿ ಬೆಳೆಸುತ್ತಾರೆ. ಬೇಗ ಬೆಳೆಯುತ್ತದೆ, ಕುಂಡ ಹಗುರ, ಸಾಗಿಸೋಕೆ ಸಲೀಸು. ಹಾಗೇ ತಂದು ಗ್ರಿಟ್ ನಡುವೆ ಇಟ್ಟರೆ ಕಲ್ಲಿನ ನಡುವೆ ಒಂದು ಸ್ಪಂಜ್ ಹೂತ ಹಾಗೆ. ಸುತ್ತಲಿನ ನೀರು ಇಳಿದರೂ ಸ್ಪಂಜ್ ತನ್ನ ಪಾಲು ಬಿಡುವುದಿಲ್ಲ.

ನೆಡುವ ಮೊದಲು ಗಡ್ಡೆಯನ್ನು ಬಕೆಟ್ ನೀರಿನಲ್ಲಿ ಅದ್ದಿ, ಬೆರಳಲ್ಲಿ ಮೆತ್ತಗೆ ಬಿಡಿಸಬೇಕು. ಮುಕ್ಕಾಲು ಪಾಲಾದರೂ ಪೀಟ್ ಹೋಗಬೇಕು. ನೋಡೋಕೆ ಕ್ರೂರ ಅನ್ನಿಸುತ್ತದೆ. ಆಮೇಲೆ ಬೇರು ಹರಡಿ, ಅರ್ಧ ತೋಟದ ಮಣ್ಣು ಅರ್ಧ ಗ್ರಿಟ್ ಬೆರೆಸಿ ತುಂಬಿ. ಬುಡದ ಸುತ್ತ ಎರಡು ಬೆರಳು ದಪ್ಪ ಬರೀ ಗ್ರಿಟ್. ಗೊಬ್ಬರ ಬೇಡವೇ ಬೇಡ. ಇದನ್ನೆಲ್ಲ ಏಪ್ರಿಲ್-ಮೇ ತಿಂಗಳಲ್ಲಿ ಮಾಡಿ, ಚಳಿಗಾಲಕ್ಕೆ ಮೊದಲು ಬೇರು ಊರಿಕೊಳ್ಳಲಿ.

ಸಂಪಿಗೆಮರ · ಮಾರ್ಚ್ 5
ಗ್ರಿಟ್ ಅಂದರೆ ಯಾವುದು? ನಮ್ಮ ಕಡೆ ಬೇಬಿ ಜಲ್ಲಿ ಅಂತಾರಲ್ಲ, ಅದಾ? ಎಂ-ಸ್ಯಾಂಡ್ ಆಗುತ್ತದಾ?

ಕಲ್ಲುಸಂದಿ · ಮಾರ್ಚ್ 5
ಬೇಬಿ ಜಲ್ಲಿಯಲ್ಲಿ 4ರಿಂದ 6 ಮಿ.ಮೀ. ಅಳತೆಯದಾದರೆ ಸರಿ, ಆದರೆ ಪುಡಿ ತೊಳೆದಿರಬೇಕು. ಎಂ-ಸ್ಯಾಂಡ್ ಬೇಡ. ಜೇಡಿಮಣ್ಣಿಗೆ ನುಣ್ಣನೆ ಮರಳು ಬೆರೆಸಿದರೆ ಇಟ್ಟಿಗೆ ಆಗುತ್ತದೆ.

ಗೊಬ್ಬರಗುಂಡಿ · ಮಾರ್ಚ್ 6
ಇಷ್ಟೆಲ್ಲ ಬೆರೆಸುವ ರಗಳೆ ಯಾಕೆ? ಅಡಿಯಲ್ಲಿ ಅರ್ಧ ಅಡಿ ಜಲ್ಲಿ ಹಾಸಿ, ಮೇಲೆ ಒಳ್ಳೆ ಮಣ್ಣು ಹಾಕಿ. ನೀರು ತಾನಾಗಿಯೇ ಇಳಿದು ಹೋಗುತ್ತದೆ. ಕುಂಡದ ತಳಕ್ಕೆ ಹಂಚಿನ ಚೂರು ಹಾಕುವುದು ಇದಕ್ಕೇ ಅಲ್ವಾ?

ಎರೆಹುಳ · ಮಾರ್ಚ್ 6
ಇಳಿಯುವುದಿಲ್ಲ ಸ್ವಾಮಿ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಜಲ್ಲಿಗೆ ನೀರು ಸುಮ್ಮನೆ ದಾಟುವುದಿಲ್ಲ. ಮೇಲಿನ ಮಣ್ಣಿನ ಅಡಿಭಾಗ ಪೂರ್ತಿ ತುಂಬಿದ ಮೇಲೆ ಹೆಚ್ಚಾಗಿದ್ದಷ್ಟೇ ಇಳಿಯುತ್ತದೆ. ಅಂದರೆ ಜಲ್ಲಿ ಹಾಸಿದಷ್ಟೂ ಒದ್ದೆ ಪದರ ಬೇರಿನ ಹತ್ತಿರಕ್ಕೆ ಏರುತ್ತದೆ.

ನಂಬಿಕೆ ಇಲ್ಲದಿದ್ದರೆ ಪಾತ್ರೆ ಉಜ್ಜುವ ಸ್ಪಂಜ್ ತಗೊಳ್ಳಿ. ನೆನೆಸಿ, ಅಂಗೈ ಮೇಲೆ ಅಡ್ಡ ಇಟ್ಟು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಅದೇ ಸ್ಪಂಜ್, ಎತ್ತರ ಮಾತ್ರ ಬೇರೆ. ಮಣ್ಣಿನದೂ ಇದೇ ಕಥೆ. ಬೇಕಾಗಿರುವುದು ಅಡಿಯಲ್ಲಿ ಜಲ್ಲಿಯಲ್ಲ. ಮೇಲಿಂದ ಕೆಳಗಿನವರೆಗೂ ಒಂದೇ ಥರದ ಮಿಶ್ರಣ, ಜೊತೆಗೆ ಎತ್ತರ.

ಗೊಬ್ಬರಗುಂಡಿ · ಮಾರ್ಚ್ 6
ನಮ್ಮಜ್ಜನ ಕಾಲದಿಂದ ಹಂಚಿನ ಚೂರು ಹಾಕುತ್ತಿದ್ದೇವೆ. ಗಿಡ ಯಾವುದೂ ಸತ್ತಿಲ್ಲ.

ಎರೆಹುಳ · ಮಾರ್ಚ್ 6
ತೂತಿನಿಂದ ಮಣ್ಣು ಸೋರದ ಹಾಗೆ ಒಂದು ಚೂರು ಇಡಿ, ಅಜ್ಜನಿಗೂ ಸರಿ ನನಗೂ ಸರಿ. ಅರ್ಧ ಅಡಿ ಬೇಡ ಅಷ್ಟೇ.

ಸುಮ್ನೆ_ಓದುಗ · ಮಾರ್ಚ್ 6
ಈಗ ತಾನೇ ಸ್ಪಂಜ್ ಹಿಡಿದು ಸಿಂಕ್ ಮುಂದೆ ನಿಂತಿದ್ದೇನೆ. ಎರೆಹುಳ ಹೇಳಿದ ಹಾಗೇ ಆಯಿತು. ಪಾತ್ರೆ ತೊಳೆಯುತ್ತಿದ್ದೀರಾ ಅಂತ ಮನೆಯವರು ಖುಷಿಯಾಗಿದ್ದಾರೆ, ಹೇಗೆ ತಪ್ಪಿಸಿಕೊಳ್ಳಲಿ?

ಗೊಬ್ಬರಗುಂಡಿ · ಮಾರ್ಚ್ 7
ನಾನೂ ಮಾಡಿದೆ. ಸ್ಪಂಜ್ ವಿಷಯ ಒಪ್ಪಿದೆ. ಆದರೆ ಒಂದು ಮಾತು ನೀವು ಯಾರೂ ಹೇಳಲಿಲ್ಲ. ಬೆಟ್ಟದಹೂ ಅವರ ಅಡಿ ಮಣ್ಣು ಜೇಡಿ ತಾನೇ? ಜೇಡಿಯಲ್ಲಿ ಗುಂಡಿ ತೋಡಿ ಗ್ರಿಟ್ ಮಿಶ್ರಣ ತುಂಬಿದರೆ ಅದು ಬೋಗುಣಿ. ಇಳಿದ ನೀರು ಆಚೆ ಎಲ್ಲಿಗೆ ಹೋಗಬೇಕು? ಅಡಿಕೆ ತೋಟದಲ್ಲಿ ನಾವು ಮೊದಲು ಬಸಿಗಾಲುವೆ ತೆಗೆಯುತ್ತೇವೆ, ಆಮೇಲೆ ಗಿಡದ ಮಾತು. ಇಳಿಜಾರಿನ ಕೆಳಗಡೆಗೆ ಒಂದು ದಾರಿ ಕೊಡಿ. ಗುಂಡಿ ತೋಡುವ ಬದಲು ನೆಲದ ಮೇಲೆ ಏರಿ ಕಟ್ಟಿದರೆ ಇನ್ನೂ ಒಳ್ಳೆಯದು.

ಎರೆಹುಳ · ಮಾರ್ಚ್ 7
ಇದು ನೂರಕ್ಕೆ ನೂರು ಸರಿ. ನನಗೆ ಹೊಳೆಯಲಿಲ್ಲ.

ಬೆಟ್ಟದಹೂ · ಮಾರ್ಚ್ 7
ಅಯ್ಯೋ, ನಾನು ಮಾಡಿರುವುದು ಬೋಗುಣಿಯೇ! ಹಾರೆ ಹಾಕಿ ಒಂದೂವರೆ ಅಡಿ ತೋಡಿದ್ದೆ, ಬೆನ್ನು ನೋವು ತಗೊಂಡು.

ಕಲ್ಲುಸಂದಿ · ಮಾರ್ಚ್ 8
ಹೇಗೂ ಬಿಚ್ಚುತ್ತೀರಲ್ಲ, ಕಲ್ಲನ್ನೂ ಸರಿ ಮಾಡಿ. ಕಲ್ಲಿನ ಮೂರರಲ್ಲೊಂದು ಪಾಲು ಮಣ್ಣೊಳಗೆ ಹೋಗಬೇಕು. ಮೇಲ್ಮೈ ಸ್ವಲ್ಪ ಹಿಂದಕ್ಕೆ ವಾಲಿರಲಿ, ಆಗ ಬೇಸಿಗೆ ಮಳೆ ಬೇರಿನ ಕಡೆ ಹೋಗುತ್ತದೆ. ಗಿಡಕ್ಕೆ ಒದ್ದೆ ಬುಡ ಬೇಡ, ಆದರೆ ಆಳದಲ್ಲಿ ತಂಪು ಬೇಕು. ಕಲ್ಲಿನ ಪದರದ ಗೆರೆಗಳು ಎಲ್ಲ ಕಲ್ಲಲ್ಲೂ ಒಂದೇ ದಿಕ್ಕಿಗೆ ಬರಲಿ. ಇಲ್ಲದಿದ್ದರೆ ಲಾರಿಯಿಂದ ಸುರಿದ ಹಾಗೆ ಕಾಣುತ್ತದೆ.

ಇನ್ನು ಗಿಡ. ನನ್ನ ಕೇಳಿದರೆ ಈ ವರ್ಷ ಬ್ಯಾಲೆರೀನಾ ಬಿಡಿ, ಡಾಲ್ಮ್ಯಾಟಿಕಂನಿಂದ ಶುರು ಮಾಡಿ. ಅಲ್ಬೇನಿಯಾ, ಮಾಂಟೆನೆಗ್ರೋ ಕಡೆಯ ಬೆಟ್ಟದ್ದು. ಅರ್ಧ ಅಡಿಗಿಂತ ಎತ್ತರ ಬರುವುದಿಲ್ಲ. ಹೊಳೆಯುವ ಪುಟ್ಟ ಎಲೆ, ಜೂನ್‌ನಲ್ಲಿ ಗುಲಾಬಿ ಹೂ, ಶರತ್ಕಾಲದಲ್ಲಿ ಎಲೆ ಕೆಂಪಾಗುತ್ತದೆ. ಕಲ್ಲಿನ ಸಂದಿ ಹಿಡಿದು ತೆವಳಿಕೊಂಡು ಹೋಗುತ್ತದೆ. ಒಂದು ತುಂಡು ಬೇರು ಸಮೇತ ಕಿತ್ತು ಬೇರೆ ಕಡೆ ಇಟ್ಟರೆ ಹತ್ತುತ್ತದೆ.

ಇನ್ನೊಂದು, ಸ್ಯಾಂಗ್ವಿನಿಯಂ ಜಾತಿಯ ಸ್ಟ್ರಯೇಟಂ ಅನ್ನುವ ಬಗೆ. ಇಂಗ್ಲೆಂಡಿನ ವಾಲ್ನಿ ದ್ವೀಪದ ಮರಳುದಿಬ್ಬದ್ದು, ನಿಮಗೆ ಹೆಚ್ಚು ದೂರವೂ ಅಲ್ಲ. ಒದ್ದೆ ಚಳಿಗಾಲ ಅದಕ್ಕೆ ಹುಟ್ಟಿನಿಂದ ರೂಢಿ.

ಸಂಪಿಗೆಮರ · ಮಾರ್ಚ್ 8
‘ಬಯೋಕೋವೋ’ ಯಾಕೆ ಹೇಳಲಿಲ್ಲ? ನಾನು ಡಬ್ಲಿನ್‌ನಲ್ಲಿದ್ದಾಗ ಏನು ಮಾಡಿದರೂ ಸಾಯದ ಗಿಡ ಅದೊಂದೇ. ಕ್ರೊಯೇಷಿಯಾದ ಬಯೋಕೋವೋ ಬೆಟ್ಟದಲ್ಲೇ ಸಿಕ್ಕಿದ್ದಂತೆ, ಮ್ಯಾಕ್ರೊರೈಜಂಗೂ ಡಾಲ್ಮ್ಯಾಟಿಕಂಗೂ ಹುಟ್ಟಿದ್ದು.

ಕಲ್ಲುಸಂದಿ · ಮಾರ್ಚ್ 8
ಸಾಯುವುದಿಲ್ಲ, ಬೇರೆಯವರನ್ನು ಬದುಕಲೂ ಬಿಡುವುದಿಲ್ಲ. ಸಣ್ಣ ಕಲ್ಲುತೋಟಕ್ಕೆ ಅದು ಬಾಡಿಗೆಗೆ ಬಂದು ಮನೆ ಬರೆಸಿಕೊಳ್ಳುವ ಜಾತಿ. ‘ರೋಝಾನ್’ ಕೂಡ ಹಾಗೇ. ಎಲ್ಲ ಅಂಗಡಿಯಲ್ಲೂ ಮುಂದೆ ಇಟ್ಟಿರುತ್ತಾರೆ, ಹೂವೂ ಚೆಂದ, ಆದರೆ ಒಂದೇ ಬೇಸಿಗೆಯಲ್ಲಿ ಒಂದು ಮಾರು ಜಾಗ ಹಬ್ಬುತ್ತದೆ.

ಸಂಪಿಗೆಮರ · ಮಾರ್ಚ್ 8
ಕತ್ತರಿ ಅಂತ ಒಂದು ವಸ್ತು ಇದೆ ಗುರುಗಳೇ. ಹೂ ಮುಗಿದ ಮೇಲೆ ಬುಡಕ್ಕೆ ಕತ್ತರಿಸಿದರೆ ಹೊಸ ಎಲೆ ಬಂದು ಮತ್ತೆ ಅಚ್ಚುಕಟ್ಟಾಗುತ್ತದೆ. ಮೊದಲ ಸಲ ಮಾಡುವವರಿಗೆ ಗೆಲ್ಲುವ ಗಿಡ ಕೊಡಬೇಕು, ಪರೀಕ್ಷೆ ಅಲ್ಲ.

ಬೆಟ್ಟದಹೂ · ಮಾರ್ಚ್ 9
ಇಬ್ಬರೂ ಬೈಯಬೇಡಿ, ಮೂರನೇ ಬ್ಯಾಲೆರೀನಾ ಆರ್ಡರ್ ಮಾಡಿಬಿಟ್ಟೆ. ಜೊತೆಗೆ ಡಾಲ್ಮ್ಯಾಟಿಕಂ, ಸ್ಟ್ರಯೇಟಂ ಒಂದೊಂದು.

ಅಂದಹಾಗೆ ಒಂದು ಕಥೆ. ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಒಂದು ಬೆಳಗ್ಗೆ ಹಿತ್ತಲಿಂದ ಸೆರಗು ತುಂಬ ಸೊಪ್ಪು ತಂದು, ‘ಇಷ್ಟು ಕೊತ್ತಂಬರಿ ಇಟ್ಕೊಂಡು ಅಂಗಡೀಲಿ ದುಡ್ಡು ಕೊಡ್ತೀಯಲ್ಲೇ’ ಅಂದಳು. ನೋಡಿದರೆ ಹರ್ಬ್ ರಾಬರ್ಟ್, ಕಳೆಯಾಗಿ ಬರುವ ಕಾಡು ಜೆರೇನಿಯಂ. ಒಂದು ಎಲೆ ಉಜ್ಜಿ ಮೂಗಿಗೆ ಹಿಡಿದಳು. ‘ಥೂ, ಟೈರ್ ಸುಟ್ಟ ವಾಸನೆ.’ ಅವತ್ತು ಚಟ್ನಿ ತಪ್ಪಿತು.

ಜಯನಗರ_ಬಾಲ್ಕನಿ · ಮಾರ್ಚ್ 9
ನಮ್ಮ ದೇಶದಲ್ಲಿ ಅಸಲಿ ಜೆರೇನಿಯಂ ಇಲ್ಲವೇ ಇಲ್ಲವಾ?

ನೀಲಗಿರಿ_ಮಂಜು · ಮಾರ್ಚ್ 10
ಯಾಕಿಲ್ಲ? ಊಟಿ ಸುತ್ತ ದಾರಿ ಬದಿಯಲ್ಲೇ ನೇಪಾಲೆನ್ಸ್ ಇದೆ. ಹೂ ಉಗುರಿನಷ್ಟು, ತಿಳಿ ನೇರಳೆ. ತುಳಿದುಕೊಂಡು ಹೋಗುತ್ತಾರೆ, ಯಾರೂ ಬಗ್ಗಿ ನೋಡುವುದಿಲ್ಲ. ಹಿಮಾಲಯದಲ್ಲಿ ಇನ್ನೂ ಬೇಕಾದಷ್ಟು ಜಾತಿ ಇವೆ. ನಮ್ಮಲ್ಲಿ ಜೆರೇನಿಯಂ ಎಣ್ಣೆ ಅಂತ ಮಾರುತ್ತಾರಲ್ಲ, ಅದು ಮಾತ್ರ ಮತ್ತೆ ಪೆಲಾರ್ಗೋನಿಯಂನದ್ದೇ.

ಎರೆಹುಳ · ಮಾರ್ಚ್ 10
ಹೆಸರಿನದು ಇನ್ನೊಂದು ತಮಾಷೆ. ಗ್ರೀಕ್‌ನಲ್ಲಿ ಗೆರಾನೋಸ್ ಅಂದರೆ ಕ್ರೇನ್ ಹಕ್ಕಿ, ಪೆಲಾರ್ಗೋಸ್ ಅಂದರೆ ಸ್ಟಾರ್ಕ್. ಎರಡರ ಕಾಯಿಯೂ ಉದ್ದ ಕೊಕ್ಕಿನ ಹಾಗಿರುತ್ತದೆ, ಅದಕ್ಕೇ ಆ ಹೆಸರು. ನಮಗೆ ಎರಡೂ ಕೊಕ್ಕರೆಯೇ! ಕೊಕ್ಕರೆಬೆಳ್ಳೂರಿಗೆ ಬರುವುದು ಸ್ಟಾರ್ಕ್, ಆದರೂ ಕೊಕ್ಕರೆ ಅಂತಲೇ ಅಂತೇವೆ. ಹಾಗಾಗಿ ಜಯನಗರದವರು ಎರಡನ್ನೂ ಒಂದೇ ಅಂದಿದ್ದರಲ್ಲಿ ಕನ್ನಡದ ನ್ಯಾಯ ಇದೆ.

ಜಯನಗರ_ಬಾಲ್ಕನಿ · ಮಾರ್ಚ್ 10
ಸ್ಕ್ರೀನ್‌ಶಾಟ್ ತೆಗೆದು ಮನೆಯಲ್ಲಿ ತೋರಿಸಿದೆ.

ಕಲ್ಲುಸಂದಿ · ಮಾರ್ಚ್ 11
ಬೆಟ್ಟದಹೂ, ನೀವು ಇರುವುದು ಯಾರ್ಕ್‌ಶೈರ್, ಕಲ್ಲುತೋಟದ ತವರುಮನೆ ಅನ್ನಬಹುದು. ಕಲ್ಲುತೋಟವನ್ನು ಜನಪ್ರಿಯ ಮಾಡಿದ ರೆಜಿನಾಲ್ಡ್ ಫ್ಯಾರರ್ ಅಲ್ಲೇ ಕ್ಲ್ಯಾಪಮ್ ಊರಿನವನು. 1880ರಲ್ಲಿ ಹುಟ್ಟಿ 1920ರಲ್ಲಿ ಬರ್ಮಾ ಗುಡ್ಡದಲ್ಲಿ ಗಿಡ ಹುಡುಕುತ್ತಲೇ ತೀರಿಕೊಂಡ. ಕೈಗೆ ಸಿಗದ ಬಂಡೆಗೆ ಬಂದೂಕಿನಲ್ಲಿ ಬೀಜ ತುಂಬಿ ಹೊಡೆಯುತ್ತಿದ್ದ ಅಂತ ಕಥೆ ಹೇಳುತ್ತಾರೆ. ಅವನ ಹೆಸರಿನದೇ ಒಂದು ಜೆರೇನಿಯಂ ಇದೆ, ಫ್ಯಾರೆರೈ. ಚೀನಾದ್ದು, ಬೆಳ್ಳಗೆ ಗುಲಾಬಿ ಹೂ, ಕಪ್ಪು-ನೀಲಿ ಕೇಸರ. ಅದನ್ನು ಈಗಲೇ ಕೊಳ್ಳಬೇಡಿ, ಬ್ಯಾಲೆರೀನಾಗಿಂತ ಸೂಕ್ಷ್ಮ.

ಹತ್ತಿರದಲ್ಲೇ ಹ್ಯಾರೊಗೇಟ್‌ನ ಹಾರ್ಲೋ ಕಾರ್ ತೋಟವಿದೆ. ಅಲ್ಲಿನ ಆಲ್ಪೈನ್ ಮನೆ (ಎತ್ತರದ ಬೆಟ್ಟದ ಗಿಡಗಳ ಗಾಜಿನಮನೆ) ನೋಡಿಕೊಂಡು ಬನ್ನಿ. ಚಳಿಗಾಲದಲ್ಲಿ ಮೇಲೆ ಗಾಜು, ಪಕ್ಕದಲ್ಲಿ ಗಾಳಿ. ನೀವೂ ಒಂದು ಗಾಜಿನ ತುಂಡನ್ನು ಎರಡು ಇಟ್ಟಿಗೆ ಮೇಲಿಟ್ಟು ಬ್ಯಾಲೆರೀನಾಗೆ ಕೊಡೆ ಹಿಡಿಯಬಹುದು. ಪಕ್ಕ ಮಾತ್ರ ಮುಚ್ಚಬೇಡಿ.

ಬೆಟ್ಟದಹೂ · ಜೂನ್ 21
ವರದಿ ಒಪ್ಪಿಸುತ್ತಿದ್ದೇನೆ. ಬೋಗುಣಿ ಒಡೆದೆ. ಕೆಳಗಿನ ದಂಡೆ ಸೀಳಿ ಬಸಿಗಾಲುವೆ ತೆಗೆದೆ, ಮೊದಲ ಮಳೆಗೆ ಅದರಿಂದ ಕಂದು ನೀರು ಬಂದಿದ್ದು ನೋಡಿ ಗೊಬ್ಬರಗುಂಡಿ ಅವರಿಗೆ ಮನಸ್ಸಲ್ಲೇ ಕೈ ಮುಗಿದೆ. 25 ಕೆ.ಜಿ. ಗ್ರಿಟ್ ಚೀಲ ಹನ್ನೊಂದು ಹೊತ್ತೆ. ಗಡ್ಡೆ ತೊಳೆಯುವಾಗ ಬ್ಯಾಲೆರೀನಾದ ಬೇರು ಅರ್ಧ ಕಿತ್ತು ಬಂತು, ಮೂರು ವಾರ ಮುನಿಸಿಕೊಂಡಿತ್ತು. ಈಗ ನಾಲ್ಕು ಹೂ.

ಸ್ಟ್ರಯೇಟಂ ಕಾಯಿ ಕಟ್ಟಿದೆ. ನಿನ್ನೆ ಮಧ್ಯಾಹ್ನ ಪಕ್ಕದಲ್ಲೇ ಕೂತಿದ್ದೆ. ಕೊಕ್ಕು ಕಂದಾಗಿ ಒಣಗಿತ್ತು. ಟಪ್ ಅಂತ ಐದು ಎಳೆ ಬುಡದಿಂದ ಮೇಲಕ್ಕೆ ಸುರುಳಿ ಸುತ್ತಿಕೊಂಡವು, ಬೀಜ ನನ್ನ ಕನ್ನಡಕಕ್ಕೆ ಬಡಿಯಿತು. ಚಿಕ್ಕವರಿದ್ದಾಗ ಕರ್ಣಕುಂಡಲದ ಕಾಯಿ ಮುಟ್ಟಿ ಸಿಡಿಸುತ್ತಿದ್ದೆವಲ್ಲ, ಅದೇ ಆಟ.

ಸುಮ್ನೆ_ಓದುಗ · ಜೂನ್ 21
ಬೀಜ ಹಿಡಿಯೋಕೆ ಟೀ ಬ್ಯಾಗ್ ಥರದ ತೆಳು ಚೀಲ ಕಟ್ಟಿ. ನಾನು ಹಳೇ ಕಾಲುಚೀಲ ಕಟ್ಟಿದ್ದೆ, ಪಕ್ಕದ ಮನೆಯವರು ಮಾತು ಬಿಟ್ಟರು.

ಜಯನಗರ_ಬಾಲ್ಕನಿ · ಜೂನ್ 22
ಅಕ್ಕಾ, ಲಕೋಟೆಯಲ್ಲಿ ನಾಲ್ಕು ಬೀಜ ಕಳಿಸ್ತೀರಾ?

ಎರೆಹುಳ · ಜೂನ್ 22
ಕಳಿಸಬೇಡಿ. ಹೊರದೇಶದ ಬೀಜಕ್ಕೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಅಲ್ಲದೆ ಬೆಂಗಳೂರಿನಲ್ಲಿ ಚಳಿಯ ನಿದ್ದೆಯೇ ಸಿಗುವುದಿಲ್ಲ, ಸೊರಗುತ್ತದೆ. ಪೆಲಾರ್ಗೋನಿಯಂ ಸಾಕು ನಿಮಗೆ.

ಬೆಟ್ಟದಹೂ · ಫೆಬ್ರವರಿ 19
ಹಳೇ ಚರ್ಚೆ ಮೇಲೆ ತರುತ್ತಿದ್ದೇನೆ, ಕ್ಷಮಿಸಿ. ಗಾಜಿನ ಕೊಡೆ ಜನವರಿ ಗಾಳಿಗೆ ಹಾರಿ ಚೂರಾಯಿತು, ಮತ್ತೆ ಇಡಲಿಲ್ಲ. ಡಾಲ್ಮ್ಯಾಟಿಕಂ ಎರಡು ಕಲ್ಲು ದಾಟಿದೆ. ಸ್ಟ್ರಯೇಟಂ ಮೇಲೆ ಬೆಕ್ಕು ಮಲಗುತ್ತದೆ, ಅದರ ಗತಿ ಏಪ್ರಿಲ್‌ಗೆ ಗೊತ್ತಾಗುತ್ತದೆ. ಬ್ಯಾಲೆರೀನಾ ಬುಡದ ಗ್ರಿಟ್ ಬೆರಳಲ್ಲಿ ಸರಿಸಿ ನೋಡಿದೆ. ಸಾಸಿವೆ ಕಾಳಿನಷ್ಟು ಕೆಂಪು ಮೊಗ್ಗು, ಮೂರು. ಗಟ್ಟಿಯಾಗಿವೆ.

ಗೊಬ್ಬರಗುಂಡಿ · ಫೆಬ್ರವರಿ 19
ಮತ್ತೆ ಮುಚ್ಚಿ ಮಾರಾಯ್ರೇ, ಕೆದಕಬೇಡಿ! ಬಸಿಗಾಲುವೆಯಲ್ಲಿ ಎಲೆ ತುಂಬಿದೆಯಾ ನೋಡಿದಿರಾ?

ಬೆಟ್ಟದಹೂ · ಫೆಬ್ರವರಿ 19
ತುಂಬಿದೆ. ಗುದ್ದಲಿ ತಗೊಂಡು ಹೊರಟೆ.